ಕರಗುವವು, ಕರಗದವು

ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಆ ಉಂಡೆಯನ್ನು ನೀರು ತುಂಬಿದ ಪಾತ್ರೆಯಲ್ಲಿಟ್ಟು ಮೆಲ್ಲಗೆ ಹಿಸುಕಿ. ನೀರು ಬೆಳ್ಳಗಾಗುತ್ತದೆ. ಅದನ್ನು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಹಿಸುಕಿ. ನೀರು ತಿಳಿಯಾಗುವ ಹೊತ್ತಿಗೆ ಉಂಡೆ ಬಹಳ ಸಣ್ಣದಾಗಿರುತ್ತದೆ. ಕೈಯಲ್ಲಿ ಉಳಿದದ್ದು ಮಾಸಲು ಬಣ್ಣದ, ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಅಂಟುಮುದ್ದೆ. ನೀರಿನ ಜೊತೆ ಹೋದದ್ದು ಪಿಷ್ಟ, ಕೈಯಲ್ಲಿ ಉಳಿದದ್ದು ಗ್ಲುಟೆನ್.

ಇದನ್ನು ಮೊದಲು ಕ್ರಮವಾಗಿ ಮಾಡಿ ವರದಿ ಮಾಡಿದವನು ಇಟಲಿಯ ಬೊಲೋನ್ಯಾ ನಗರದ ವೈದ್ಯ ಜಾಕೊಪೊ ಬೆಕ್ಕಾರಿ. 1728ರಲ್ಲಿ ಅಲ್ಲಿನ ವಿದ್ವತ್ ಸಭೆಯ ಮುಂದಿಟ್ಟ ಈ ಕೆಲಸ 1745ರಲ್ಲಿ ಅಚ್ಚಾಯಿತು. ಪಿಷ್ಟವನ್ನು ಹಾಗೇ ಬಿಟ್ಟರೆ ಅದು ಹುಳಿಯುತ್ತಿತ್ತು. ಈ ಅಂಟನ್ನು ಬಿಟ್ಟರೆ ಮಾಂಸದ ಹಾಗೆ ಕೊಳೆತು ನಾರುತ್ತಿತ್ತು. ಪ್ರಾಣಿಗಳ ಮೈಯಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದ ಒಂದು ಬಗೆಯ ವಸ್ತು ಕಾಳಿನೊಳಗೂ ಇದೆ ಎಂಬುದು ಬೆಕ್ಕಾರಿಗೆ ಗೊತ್ತಾದದ್ದು ಹೀಗೆ. ಇಂದು ಅದನ್ನೇ ಪ್ರೋಟೀನ್ ಎನ್ನುತ್ತೇವೆ.

ಈಗ ಇದೇ ಕೆಲಸವನ್ನು ಜೋಳದ ಹಿಟ್ಟಿನಲ್ಲಿ ಮಾಡಿ ನೋಡಿ. ಉಂಡೆಗೆ ಉಂಡೆಯೇ ನೀರಿನಲ್ಲಿ ಕದಡಿಹೋಗುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೋಳದಲ್ಲಿ ಪ್ರೋಟೀನ್ ಇಲ್ಲವೆಂದಲ್ಲ, ತೂಕಕ್ಕೆ ತೂಕ ಹಿಡಿದರೆ ಅದು ಗೋಧಿಗೆ ಬಹಳ ಹಿಂದೇನೂ ಬಿದ್ದಿಲ್ಲ. ಹಾಗಿದ್ದೂ ಗೋಧಿಗೆ ಜಿಗಿ ಇದೆ, ಜೋಳಕ್ಕಿಲ್ಲ. ಅದಕ್ಕೇ ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ಯುತ್ತಾರೆ. ಬಿಸಿಗೆ ಪಿಷ್ಟ ಬೆಂದು ಅಂಟಾಗುತ್ತದೆ, ಪ್ರೋಟೀನ್ ಕೊಡದ ಹಿಡಿತವನ್ನು ಪಿಷ್ಟ ಕೊಡುತ್ತದೆ. ಅಷ್ಟಾದರೂ ಅದನ್ನು ಚಪಾತಿಯಂತೆ ಎಳೆದು ಲಟ್ಟಿಸಲು ಬರುವುದಿಲ್ಲ, ಅಂಗೈಯಲ್ಲಿ ಬಡಿದೇ ರೊಟ್ಟಿ ಮಾಡಬೇಕು. ಎರಡೂ ಕಾಳಿನಲ್ಲಿ ಪ್ರೋಟೀನ್ ಇದೆ, ಆದರೆ ಎರಡೂ ಒಂದೇ ಪ್ರೋಟೀನ್ ಅಲ್ಲ. ಇಂದು ಸರಳವಾಗಿ ಕಾಣುವ ಈ ಮಾತನ್ನು ಸಾಬೀತುಮಾಡಲು ರಸಾಯನಶಾಸ್ತ್ರಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಎಲ್ಲ ಒಂದೇ ಎಂದ ಲೀಬಿಗ್

1840ರ ದಶಕದಲ್ಲಿ ಯುರೋಪಿನ ರಸಾಯನಶಾಸ್ತ್ರದಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಹೇಳಿದ್ದೇ ಕೊನೆಯ ಮಾತು. ಸಸ್ಯಗಳಲ್ಲಿರುವ ಆಲ್ಬುಮಿನ್, ಫೈಬ್ರಿನ್, ಕೇಸೀನ್‌ಗಳು ಪ್ರಾಣಿಗಳ ರಕ್ತದಲ್ಲೂ ಹಾಲಿನಲ್ಲೂ ಇರುವವುಗಳೇ ಎಂದು ಅವನು ಸಾರಿದ. ಹಸು ಹುಲ್ಲಿನಿಂದ ಸಿದ್ಧ ಪ್ರೋಟೀನನ್ನೇ ಎತ್ತಿಕೊಂಡು ಮೈಗೆ ಸೇರಿಸಿಕೊಳ್ಳುತ್ತದೆ ಎಂಬುದು ಅವನ ವಾದ. ಕೇಳಲು ಅಂದವಾಗಿದ್ದ ಈ ವಾದವನ್ನು ಬಹಳ ಕಾಲ ಜನ ನಂಬಿದರು.

1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ನೈಟ್ರೋಜನ್ ಅಳೆಯುವ ಸುಲಭ ವಿಧಾನ ಕಂಡುಹಿಡಿದ. ಪ್ರೋಟೀನ್‌ನ ತೂಕದಲ್ಲಿ ಸುಮಾರು ಶೇಕಡಾ 16 ನೈಟ್ರೋಜನ್ ಇರುವುದರಿಂದ, ಸಿಕ್ಕ ನೈಟ್ರೋಜನ್ನನ್ನು 6.25ರಿಂದ ಗುಣಿಸಿದರೆ ಪ್ರೋಟೀನ್‌ನ ಒಟ್ಟು ಪ್ರಮಾಣ ಸಿಗುತ್ತದೆ. ಇಂದಿಗೂ ಆಹಾರದ ಪೊಟ್ಟಣಗಳ ಮೇಲೆ ಕಾಣುವ 'ಪ್ರೋಟೀನ್ ಇಷ್ಟು ಗ್ರಾಂ' ಎಂಬ ಲೆಕ್ಕದ ಮೂಲ ಇದೇ. ಇದು ಬಹಳ ಉಪಯೋಗದ ಲೆಕ್ಕ. ಆದರೆ ಅದಕ್ಕೆ ತೂಕ ಮಾತ್ರ ಗೊತ್ತು, ಬಗೆ ಗೊತ್ತಿಲ್ಲ.

ಒಸ್‌ಬೊರ್ನ್‌ನ ನಾಲ್ಕು ಪಾತ್ರೆಗಳು

ಬಗೆಯನ್ನು ಪಟ್ಟುಹಿಡಿದು ಕೇಳಿದವನು ಅಮೆರಿಕದ ಥಾಮಸ್ ಬರ್ ಒಸ್‌ಬೊರ್ನ್. ನ್ಯೂ ಹೇವನ್‌ನ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದಲ್ಲಿ 1880ರ ದಶಕದ ಕೊನೆಯಲ್ಲಿ ಬೀಜಗಳ ಪ್ರೋಟೀನ್ ಕೈಗೆತ್ತಿಕೊಂಡವನು 1928ರಲ್ಲಿ ನಿವೃತ್ತನಾಗುವವರೆಗೂ ಅದನ್ನು ಬಿಡಲಿಲ್ಲ. ಜರ್ಮನಿಯ ಹೈನ್ರಿಖ್ ರಿಟ್‌ಹೌಸೆನ್ ಅವನಿಗೆ ಮೊದಲೇ ದಾರಿ ಮಾಡಿದ್ದ. 1866ರಲ್ಲಿ ಗೋಧಿಯ ಅಂಟಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿದವನು ಆತನೇ.

ಒಸ್‌ಬೊರ್ನ್‌ನ ವಿಧಾನಕ್ಕೆ ದುಬಾರಿ ಉಪಕರಣ ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ಬೀಜವನ್ನು ಬೀಸಿ, ಎಣ್ಣೆ ತೆಗೆದು, ಹಿಟ್ಟನ್ನು ಮೊದಲು ಬರೀ ನೀರಿನಲ್ಲಿ ಕಲಸುವುದು. ಕರಗಿದ್ದನ್ನು ಸೋಸಿ ಬೇರೆ ಇಡುವುದು. ಉಳಿದ ಗಸಿಯನ್ನು ಉಪ್ಪುನೀರಿನಲ್ಲಿ, ಆಮೇಲೆ ಶೇಕಡಾ 70ರಷ್ಟು ಆಲ್ಕೋಹಾಲ್ ಇರುವ ನೀರಿನಲ್ಲಿ, ಕೊನೆಗೆ ತೆಳು ಕ್ಷಾರದಲ್ಲಿ ಕಲಸಿ ಪ್ರತಿ ಸಲವೂ ಸೋಸುವುದು. ನೀರಿಗೆ ಇಳಿದದ್ದು ಆಲ್ಬುಮಿನ್, ಉಪ್ಪುನೀರಿಗೆ ಇಳಿದದ್ದು ಗ್ಲಾಬ್ಯುಲಿನ್, ಆಲ್ಕೋಹಾಲಿಗೆ ಇಳಿದದ್ದು ಪ್ರೋಲಮಿನ್, ಕ್ಷಾರಕ್ಕೆ ಇಳಿದದ್ದು ಗ್ಲುಟೆಲಿನ್. ಮೂವತ್ತಕ್ಕೂ ಹೆಚ್ಚು ಬೀಜಗಳನ್ನು ಅವನು ಹೀಗೆ ಸೋಸಿದ. ಹೆಂಪ್ ಎಂಬ ನಾರಿನ ಗಿಡದ ಬೀಜವನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಕಲಸಿ ಸೋಸಿ, ದ್ರಾವಣವನ್ನು ತಣ್ಣಗಾಗಲು ಬಿಟ್ಟರೆ ಎಡೆಸ್ಟಿನ್ ಎಂಬ ಗ್ಲಾಬ್ಯುಲಿನ್ ಹರಳುಗಟ್ಟಿ ತಳದಲ್ಲಿ ನಿಲ್ಲುತ್ತಿತ್ತು. ಹರಳಾಗುವ ವಸ್ತು ಶುದ್ಧವಾಗಿರಬೇಕು, ಅದಕ್ಕೊಂದು ನಿಶ್ಚಿತ ರಚನೆಯೂ ಇರಬೇಕು. ಒಂದು ಬೀಜದ ಪ್ರೋಟೀನ್ ಇನ್ನೊಂದರದ್ದಲ್ಲ, ಸಸ್ಯದ್ದು ಪ್ರಾಣಿಯದ್ದಲ್ಲ ಎಂಬುದನ್ನು ಅವನು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಲೆಕ್ಕದ ಸಮೇತ ತೋರಿಸಿದ. ಲೀಬಿಗ್‌ನ ಅಂದವಾದ ವಾದ ಅಲ್ಲಿಗೆ ಮುಗಿಯಿತು.

ಸರಳ ಎಂದರೆ ಯಾವುದು?

ಆ ವೇಳೆಗೆ ಪ್ರೋಟೀನ್‌ಗಳ ಪಟ್ಟಿ ಬೆಳೆದು, ಒಬ್ಬೊಬ್ಬರು ಒಂದೊಂದು ಹೆಸರು ಹೇಳುವ ಗೊಂದಲ ಹುಟ್ಟಿತ್ತು. 1907ರಲ್ಲಿ ಬ್ರಿಟನ್ನಿನ ಮತ್ತು 1908ರಲ್ಲಿ ಅಮೆರಿಕದ ವಿಜ್ಞಾನ ಸಂಘಗಳು ಒಂದೊಂದು ವರ್ಗೀಕರಣವನ್ನು ಒಪ್ಪಿಕೊಂಡವು. ಅಮೆರಿಕದ ಪಟ್ಟಿಯಲ್ಲಿ ಮೂರು ದೊಡ್ಡ ಗುಂಪುಗಳಿದ್ದವು. ಸಂಪೂರ್ಣವಾಗಿ ಒಡೆದಾಗ ಅಮೈನೋ ಆಮ್ಲಗಳನ್ನೋ ಅವುಗಳಿಂದಾದ ವಸ್ತುಗಳನ್ನೋ ಬಿಟ್ಟು ಬೇರೇನೂ ಸಿಗದಿದ್ದರೆ ಅದು ಸರಳ ಪ್ರೋಟೀನ್. ಸಕ್ಕರೆ, ಕೊಬ್ಬು, ರಂಜಕ ಅಥವಾ ಲೋಹದಂಥ ಬೇರೊಂದು ವಸ್ತು ಅಂಟಿಕೊಂಡಿದ್ದರೆ ಸಂಯುಕ್ತ ಪ್ರೋಟೀನ್. ಕಬ್ಬಿಣವನ್ನು ಹೊತ್ತ ಹಿಮೋಗ್ಲೋಬಿನ್ ಈ ಗುಂಪಿನದು. ಇವುಗಳನ್ನು ಬಿಸಿ, ಆಮ್ಲ, ಕಿಣ್ವಗಳಿಂದ ಬದಲಿಸಿ ಪಡೆದದ್ದು ವ್ಯುತ್ಪನ್ನ ಪ್ರೋಟೀನ್.

ಸರಳ ಪ್ರೋಟೀನ್‌ಗಳಲ್ಲಿ ಮತ್ತೆ ಏಳು ಬಗೆ. ಒಸ್‌ಬೊರ್ನ್‌ನ ನಾಲ್ಕರ ಜೊತೆಗೆ ಏನು ಮಾಡಿದರೂ ಸುಲಭಕ್ಕೆ ಕರಗದ ಆಲ್ಬುಮಿನಾಯ್ಡ್‌ಗಳು, ಜೀವಕೋಶದ ಕೇಂದ್ರದಲ್ಲಿರುವ ಹಿಸ್ಟೋನ್‌ಗಳು ಮತ್ತು ಪ್ರೋಟಮಿನ್‌ಗಳು. ಆಲ್ಬುಮಿನಾಯ್ಡ್‌ಗಳಿಗೆ ಸ್ಕ್ಲೀರೋಪ್ರೋಟೀನ್ ಎಂಬ ಹೆಸರೂ ಇದೆ. ಈ ಏಳನ್ನೂ ಬೇರ್ಪಡಿಸಲು ಕೇಳಿದ ಮುಖ್ಯ ಪ್ರಶ್ನೆ ಒಂದೇ: ನೀನು ಯಾವುದರಲ್ಲಿ ಕರಗುತ್ತೀಯೆ?

ರಕ್ತದಲ್ಲಿ ಓಡಾಡುವವು

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಕೆಲವು ಅಮೈನೋ ಆಮ್ಲಗಳ ಮೇಲೆ ವಿದ್ಯುದಂಶವಿದ್ದು ಅವು ನೀರನ್ನು ಬಯಸುತ್ತವೆ, ಕೆಲವು ನೀರಿನಿಂದ ದೂರ ಸರಿಯುತ್ತವೆ. ನೀರು ಬಯಸುವವು ಹೊರಗೂ ಬೇಡವೆನ್ನುವವು ಒಳಗೂ ಇರುವಂತೆ ಸರಪಳಿ ಮಡಿಚಿಕೊಂಡರೆ ಪ್ರೋಟೀನ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಆಲ್ಬುಮಿನ್ ಇಂಥದ್ದು. ಬಿಸಿ ತಗುಲಿದರೆ ಮಡಿಕೆ ಬಿಚ್ಚಿ, ಒಳಗಿದ್ದದ್ದು ಹೊರಬಂದು, ಒಂದಕ್ಕೊಂದು ಅಂಟಿ ಗರಣೆಗಟ್ಟುತ್ತದೆ.

ಗ್ಲಾಬ್ಯುಲಿನ್‌ಗಳ ಮೈಮೇಲೂ ವಿದ್ಯುದಂಶಗಳಿವೆ. ಆದರೆ ಅಪ್ಪಟ ನೀರಿನಲ್ಲಿ ಒಂದರ ಧನ ಇನ್ನೊಂದರ ಋಣವನ್ನು ಸೆಳೆದು ಅವು ಗುಂಪುಗೂಡಿ ತಳ ಸೇರುತ್ತವೆ. ಚೂರು ಉಪ್ಪು ಬಿದ್ದರೆ ಅದರ ಅಯಾನುಗಳು ನಡುವೆ ನುಗ್ಗಿ ಆ ಸೆಳೆತವನ್ನು ಮರೆಮಾಡುತ್ತವೆ, ಪ್ರೋಟೀನ್ ಕರಗುತ್ತದೆ. ಉಪ್ಪು ಅತಿಯಾದರೆ ಕಥೆ ತಿರುಗುತ್ತದೆ. ನೀರೆಲ್ಲ ಉಪ್ಪಿನ ಪಾಲಾಗಿ ಪ್ರೋಟೀನ್ ಮತ್ತೆ ತಳಕ್ಕಿಳಿಯುತ್ತದೆ. ಅಮೋನಿಯಂ ಸಲ್ಫೇಟ್ ಅರ್ಧ ಸಂತೃಪ್ತವಾದಾಗ ಗ್ಲಾಬ್ಯುಲಿನ್ ಇಳಿಯುತ್ತದೆ, ಆಲ್ಬುಮಿನ್ ಇಳಿಯಲು ಪೂರ್ತಿ ಸಂತೃಪ್ತವಾಗಬೇಕು.

ಈ ಎರಡು ಹೆಸರುಗಳು ಇಂದಿಗೂ ರಕ್ತಪರೀಕ್ಷೆಯ ವರದಿಯಲ್ಲಿ ಅಕ್ಕಪಕ್ಕದ ಸಾಲುಗಳಲ್ಲಿವೆ. ಯಕೃತ್ತು ತಯಾರಿಸುವ ಸೀರಮ್ ಆಲ್ಬುಮಿನ್ 585 ಅಮೈನೋ ಆಮ್ಲಗಳ ಒಂದೇ ಸರಪಳಿ. ಡೆಸಿಲೀಟರ್ ರಕ್ತದ್ರವಕ್ಕೆ ಸುಮಾರು 3.5ರಿಂದ 5 ಗ್ರಾಂ ಇರುವ ಇದು ನೀರು ರಕ್ತನಾಳದಿಂದ ಹೊರಗೆ ಸೋರದಂತೆ ಹಿಡಿದಿಡುತ್ತದೆ. ಯಕೃತ್ತು ಕೆಟ್ಟು ಇದರ ಮಟ್ಟ ಕುಸಿದಾಗ ಕಾಲು ಬಾತುಕೊಳ್ಳಲು, ಹೊಟ್ಟೆಯಲ್ಲಿ ನೀರು ತುಂಬಲು ಇದೂ ಒಂದು ಕಾರಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡ್‌ನ ಎಡ್ವಿನ್ ಕೋನ್ ತಣ್ಣನೆಯ ಆಲ್ಕೋಹಾಲ್ ಬಳಸಿ ರಕ್ತದ್ರವದಿಂದ ಆಲ್ಬುಮಿನನ್ನು ಬೇರ್ಪಡಿಸಿದ. ಗಾಯಾಳು ಸೈನಿಕರಿಗೆ ಅದನ್ನು ಕೊಡಲಾಯಿತು. ಅದೇ ಸೋಸುವಿಕೆಯಲ್ಲಿ ಗಾಮಾ ಗ್ಲಾಬ್ಯುಲಿನ್ ಕೂಡ ಸಿಕ್ಕಿತು. ನಮ್ಮ ಪ್ರತಿಕಾಯಗಳು ಇರುವುದು ಈ ಭಾಗದಲ್ಲಿ ಎಂದು 1939ರಲ್ಲೇ ಟಿಸೆಲಿಯಸ್ ಮತ್ತು ಕೇಬಟ್ ತೋರಿಸಿದ್ದರು. ಹುಚ್ಚುನಾಯಿ ಆಳವಾಗಿ ಕಚ್ಚಿದಾಗ ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಈ ಕುಲದ್ದೇ.

ಕಾಳಿನಲ್ಲಿ ಕೂಡಿಟ್ಟವು

ಬೇಳೆಕಾಳುಗಳು ಮೊಳಕೆಗೆಂದು ಕೂಡಿಡುವ ಪ್ರೋಟೀನ್ ಹೆಚ್ಚಾಗಿ ಗ್ಲಾಬ್ಯುಲಿನ್. ತೊಗರಿ, ಕಡಲೆ, ಅವರೆಗಳಲ್ಲಿ ಲೆಗ್ಯುಮಿನ್, ವಿಸಿಲಿನ್ ಜಾತಿಯವು ತುಂಬಿರುತ್ತವೆ. ಹುಲ್ಲಿನ ಜಾತಿಯ ಧಾನ್ಯಗಳ ದಾರಿ ಬೇರೆ. ಗೋಧಿಯ ಗ್ಲೈಯಾಡಿನ್, ಮೆಕ್ಕೆಜೋಳದ ಜೀನ್, ಬಿಳಿಜೋಳದ ಕಾಫಿರಿನ್ ಮೂರೂ ಪ್ರೋಲಮಿನ್‌ಗಳು. ಇವುಗಳಲ್ಲಿ ಗ್ಲುಟಮಿನ್ ಮತ್ತು ಪ್ರೋಲಿನ್ ಹೇರಳ, ವಿದ್ಯುದಂಶ ಹೊತ್ತ ಅಮೈನೋ ಆಮ್ಲಗಳು ವಿರಳ. ನೀರನ್ನು ಒಲ್ಲದೆ ಆಲ್ಕೋಹಾಲಿಗೆ ಒಲಿಯುವುದು ಅದಕ್ಕೇ. ಭತ್ತದ್ದು ಮತ್ತೂ ಬೇರೆ. ಅಕ್ಕಿಯ ಪ್ರೋಟೀನ್‌ನಲ್ಲಿ ಬಹುಪಾಲು ಗ್ಲುಟೆಲಿನ್, ಪ್ರೋಲಮಿನ್ ಅಲ್ಪ.

ಗೋಧಿಯ ಅಂಟು ಹುಟ್ಟುವುದು ಗ್ಲೈಯಾಡಿನ್ ಎಂಬ ಪ್ರೋಲಮಿನ್ ಮತ್ತು ಗ್ಲುಟೆನಿನ್ ಎಂಬ ಗ್ಲುಟೆಲಿನ್ ಕೂಡಿದಾಗ. ಗ್ಲುಟೆನಿನ್ ಸರಪಳಿಗಳು ಗಂಧಕದ ಬೆಸುಗೆಗಳಿಂದ ಒಂದಕ್ಕೊಂದು ಸೇರಿ ದೈತ್ಯ ಜಾಲವಾಗುತ್ತವೆ, ಎಳೆದಾಗ ಹಿಂದಕ್ಕೆ ಜಗ್ಗುವುದು ಈ ಜಾಲ. ಗ್ಲೈಯಾಡಿನ್ ನಡುವೆ ಸೇರಿಕೊಂಡು ಅದಕ್ಕೆ ಹಿಗ್ಗುವ ಗುಣ ಕೊಡುತ್ತದೆ. ಜೋಳದ ಕಾಫಿರಿನ್ ಕಾಳಿನೊಳಗೆ ಸಣ್ಣ ಸಣ್ಣ ಕಣಗಳಲ್ಲಿ ಬಿಗಿಯಾಗಿ ಅಡಕವಾಗಿದ್ದು, ಹಿಟ್ಟು ನಾದುವಾಗ ಹೊರಬಂದು ಜಾಲ ಕಟ್ಟುವುದಿಲ್ಲ. ನೀರಿನಲ್ಲಿ ಬೇಯಿಸಿದಾಗ ಗಂಧಕದ ಬೆಸುಗೆಗಳು ಇನ್ನೂ ಬಿಗಿಯಾಗುವುದರಿಂದ ಅದು ಜೀರ್ಣವಾಗುವುದೂ ತುಸು ಕಷ್ಟ.

ನಮ್ಮ ರಾಗಿಯನ್ನು ಈ ಪರೀಕ್ಷೆಗೆ ಒಡ್ಡಿದ್ದು ಬೆಂಗಳೂರಿನಲ್ಲೇ. 1928ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾರಾಯಣ ಮತ್ತು ನಾರಿಸ್ ರಾಗಿಯಿಂದ ಆಲ್ಕೋಹಾಲಿನಲ್ಲಿ ಕರಗುವ ಪ್ರೋಟೀನನ್ನು ಬೇರ್ಪಡಿಸಿ, ಅದನ್ನು ಎಲುಸಿನಿನ್ ಎಂದು ಕರೆದರು. ರಾಗಿಯೂ ಪ್ರೋಲಮಿನ್ ಕೂಡಿಡುವ ಧಾನ್ಯ. ಆದರೆ ಗ್ಲುಟೆನ್ ಕಟ್ಟುವ ಜೋಡಿ ಅದರಲ್ಲಿಲ್ಲ, ಮುದ್ದೆ ನಿಲ್ಲುವುದು ಬೆಂದ ಪಿಷ್ಟದ ಬಲದಿಂದ.

ಈ ವರ್ಗೀಕರಣ ಊಟದ ತಟ್ಟೆಗೆ ಎಷ್ಟು ಮುಖ್ಯ ಎಂಬುದನ್ನು ಒಸ್‌ಬೊರ್ನ್ ಮತ್ತು ಯೇಲ್ ವಿಶ್ವವಿದ್ಯಾಲಯದ ಲಫಾಯೆಟ್ ಮೆಂಡೆಲ್ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಾಬೀತು ಮಾಡಿದರು. ಮೆಕ್ಕೆಜೋಳದ ಜೀನ್ ಒಂದನ್ನೇ ಪ್ರೋಟೀನ್ ಆಗಿ ಕೊಟ್ಟಾಗ ಇಲಿಗಳು ತೂಕ ಕಳೆದುಕೊಂಡು ಸೊರಗಿದವು. ಅದೇ ಆಹಾರಕ್ಕೆ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಬೆರೆಸಿದಾಗ ತೂಕ ನಿಂತಿತು, ಲೈಸಿನ್ ಕೂಡ ಬೆರೆಸಿದಾಗ ಅವು ಬೆಳೆಯತೊಡಗಿದವು. ಜೀನ್‌ನಲ್ಲಿ ಆ ಎರಡೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1914ರಲ್ಲಿ ಪ್ರಕಟವಾದ ಈ ಫಲಿತಾಂಶ ಪೌಷ್ಟಿಕತೆಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಅರ್ಧ ಶತಮಾನದ ಬಳಿಕ, 1964ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ಮೆರ್ಟ್ಸ್, ನೆಲ್ಸನ್ ಮತ್ತು ಬೇಟ್ಸ್ 'ಒಪೇಕ್-2' ಎಂಬ ಮೆಕ್ಕೆಜೋಳದಲ್ಲಿ ಜೀನ್ ಕಡಿಮೆ, ಲೈಸಿನ್ ಹೆಚ್ಚು ಎಂದು ಕಂಡರು. ಅದರ ಕಾಳು ಮೆದುವಾಗಿತ್ತು, ಇಳುವರಿ ಕಡಿಮೆಯಿತ್ತು. ಆ ದೋಷಗಳನ್ನು ನೀಗಿಸಿ ಗುಣಮಟ್ಟದ ಪ್ರೋಟೀನ್ ಇರುವ ಮೆಕ್ಕೆಜೋಳ ಬೆಳೆಸಿದ ಸುರಿಂದರ್ ವಸಲ್ ಮತ್ತು ಎವಂಜೆಲಿನಾ ವಿಯೇಗಾಸ್ ಅವರಿಗೆ 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ಕರಗದೆ ನಿಂತವು

ರಾಮನಗರದ ಮಾರುಕಟ್ಟೆಯಿಂದ ಬಂದ ರೇಷ್ಮೆಗೂಡುಗಳನ್ನು ನೂಲು ಬಿಚ್ಚಾಣಿಕೆ ಮಾಡುವವರು ಮೊದಲು ಬಿಸಿನೀರಿನ ತೊಟ್ಟಿಗೆ ಹಾಕುತ್ತಾರೆ. ಗೂಡು ಮೆತ್ತಗಾಗಿ ಎಳೆ ಬಿಡಿಸಿಕೊಳ್ಳುತ್ತದೆ. ತುದಿ ಸಿಕ್ಕಿದ ಮೇಲೆ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ರಾಟೆಗೆ ಸುತ್ತುತ್ತಾರೆ. ಕುದಿಯುವ ನೀರಿಗೆ ಬಿದ್ದ ಗೂಡು ಪೂರ್ತಿ ಕರಗಿಹೋಗದೆ ನೂಲನ್ನು ಬಿಟ್ಟುಕೊಡುವುದೇಕೆ? ರೇಷ್ಮೆಯ ಎಳೆಯಲ್ಲಿ ಎರಡು ಪ್ರೋಟೀನ್‌ಗಳಿವೆ. ಹೊರಗಿನ ಅಂಟು ಸೆರಿಸಿನ್, ತೂಕದಲ್ಲಿ ಕಾಲು ಪಾಲಿನಷ್ಟು. ಸೆರಿನ್ ಎಂಬ ನೀರುಪ್ರಿಯ ಅಮೈನೋ ಆಮ್ಲ ಅದರಲ್ಲಿ ಹೇರಳವಾಗಿರುವುದರಿಂದ ಬಿಸಿನೀರಿಗೆ ಸಡಿಲುತ್ತದೆ. ಒಳಗಿನದು ಫೈಬ್ರಾಯಿನ್. ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಪುಟ್ಟ ಅಮೈನೋ ಆಮ್ಲಗಳು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಬಂದು, ಸರಪಳಿಗಳು ಪಕ್ಕಪಕ್ಕಕ್ಕೆ ಹಾಳೆಗಳಂತೆ ಒತ್ತಿ ಕೂತಿರುತ್ತವೆ. ಆ ಒತ್ತಿನೊಳಗೆ ನೀರಿಗೆ ಜಾಗವೇ ಇಲ್ಲ. ನೂಲನ್ನು ಆಮೇಲೆ ಸಾಬೂನು, ಸೋಡಾ ಹಾಕಿ ಕುದಿಸಿದಾಗ ಉಳಿದ ಸೆರಿಸಿನ್ ಕಳಚಿ ಹೊಳಪು ಹೊರಬರುತ್ತದೆ. ಪ್ರೋಟೀನ್‌ಗಳನ್ನು ಕರಗುವಿಕೆಯಿಂದ ಬೇರ್ಪಡಿಸುವ ವಿದ್ಯೆ ನಮ್ಮ ಊರುಗಳಲ್ಲಿ ಒಂದು ಕಸುಬಾಗಿ ನಡೆದುಬಂದಿದೆ.

ಫೈಬ್ರಾಯಿನ್ ಹಾಗೆಯೇ ಕೂದಲು, ಉಗುರು, ಕೊಂಬುಗಳ ಕೆರಾಟಿನ್ ಕೂಡ ಕರಗದ ಆಲ್ಬುಮಿನಾಯ್ಡ್ ಗುಂಪಿನದು. ಅದರ ಗಟ್ಟಿತನ ಗಂಧಕದ ಬೆಸುಗೆಗಳಿಂದ ಬಂದದ್ದು. ರಕ್ತನಾಳದ ಗೋಡೆಯ ಇಲಾಸ್ಟಿನ್, ಚರ್ಮ ಮತ್ತು ಸ್ನಾಯುರಜ್ಜುಗಳ ಕೊಲಾಜನ್ ಕೂಡ ಇಲ್ಲಿಯವೇ. ಕೊಲಾಜನ್ನಿನ ಮೂರು ಸರಪಳಿಗಳು ಹೊಸೆದುಕೊಂಡಿವೆ ಎಂದು 1954ರಲ್ಲಿ ತೋರಿಸಿದವರು ಮದರಾಸಿನ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತವರು, ಮುಂದೆ ಬೆಂಗಳೂರಿಗೇ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಮೂರು ಎಳೆಗಳು ಅಷ್ಟು ಬಿಗಿಯಾಗಿ ಹೊಸೆದುಕೊಳ್ಳಲು ಪ್ರತಿ ಮೂರನೇ ಜಾಗದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸಿನ್ನೇ ಇರಬೇಕು. ಬಹಳ ಹೊತ್ತು ಕುದಿಸಿದರೆ ಹೊಸೆತ ಬಿಚ್ಚಿ ಕೊಲಾಜನ್ ಜೆಲಾಟಿನ್ ಆಗುತ್ತದೆ.

ಕೋಶಕೇಂದ್ರದ ಎರಡು ಕುಲ

1874ರಲ್ಲಿ ಬಾಸೆಲ್‌ನ ಫ್ರೀಡ್ರಿಖ್ ಮೀಶರ್ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಪ್ರೋಟಮಿನ್ ಕಂಡ. ಹತ್ತು ವರ್ಷದ ನಂತರ ಆಲ್ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ರಕ್ತಕೋಶಗಳಿಂದ ಹಿಸ್ಟೋನ್ ತೆಗೆದ. ಇವೆರಡೂ ಧನ ವಿದ್ಯುದಂಶವನ್ನು ಧಾರಾಳವಾಗಿ ಹೊತ್ತವು, ಋಣ ವಿದ್ಯುದಂಶದ ಡಿಎನ್‌ಎಯನ್ನು ಅಪ್ಪಿಕೊಂಡು ಮಡಿಚಿಡುವುದೇ ಇವುಗಳ ಕೆಲಸ. ಸಾಲ್ಮನ್ ಪ್ರೋಟಮಿನ್‌ನಲ್ಲಿ ಮೂರರಲ್ಲಿ ಎರಡು ಪಾಲು ಆರ್ಜಿನಿನ್ ಒಂದೇ. 102 ಅಮೈನೋ ಆಮ್ಲಗಳ ಎಚ್-4 ಹಿಸ್ಟೋನ್‌ನಲ್ಲಿ ಬಟಾಣಿಗೂ ಕರುವಿಗೂ ಎರಡೇ ಎರಡು ವ್ಯತ್ಯಾಸ ಎಂದು 1969ರಲ್ಲಿ ತಿಳಿಯಿತು. ಸಸ್ಯಕ್ಕೂ ಪ್ರಾಣಿಗೂ ಪ್ರೋಟೀನ್ ಒಂದೇ ಎಂದ ಲೀಬಿಗ್‌ನ ಮಾತು ನಿಜಕ್ಕೆ ಹತ್ತಿರ ಬಂದದ್ದು ಅವನು ಊಹಿಸಿರದ ಈ ಜಾಗದಲ್ಲಿ.

ಪ್ರೋಟಮಿನ್‌ನ ಈ ಸೆಳೆತವನ್ನು ವೈದ್ಯರೂ ಬಳಸಿಕೊಂಡಿದ್ದಾರೆ. 1936ರಲ್ಲಿ ಡೆನ್ಮಾರ್ಕಿನ ಹಾಗೆಡೋರ್ನ್ ಟ್ರೌಟ್ ಮೀನಿನ ಪ್ರೋಟಮಿನನ್ನು ಇನ್ಸುಲಿನ್‌ಗೆ ಬೆರೆಸಿದಾಗ, ಅವೆರಡೂ ಸೇರಿ ಮೆಲ್ಲಗೆ ಕರಗುವ ರೂಪ ತಳೆದು, ಇನ್ಸುಲಿನ್ನಿನ ಪ್ರಭಾವ ಹೆಚ್ಚು ಹೊತ್ತು ಉಳಿಯಿತು. ಅದರ ಮುಂದಿನ ರೂಪವಾದ ಎನ್‌ಪಿಎಚ್ ಇನ್ಸುಲಿನ್ ಇಂದಿಗೂ ಬಳಕೆಯಲ್ಲಿದೆ. ಅದು ಕದಡಿದಂತೆ ಕಾಣುವುದಕ್ಕೂ, ಚುಚ್ಚುವ ಮೊದಲು ಶೀಶೆಯನ್ನು ಅಂಗೈಗಳ ನಡುವೆ ಉರುಳಿಸಬೇಕಾದದ್ದಕ್ಕೂ ಕಾರಣ ಅದರಲ್ಲಿ ಪೂರ್ತಿ ಕರಗದೆ ಉಳಿದ ಇನ್ಸುಲಿನ್-ಪ್ರೋಟಮಿನ್ ಹರಳುಗಳೇ. ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟಿದ್ದ ಹೆಪಾರಿನ್ನಿನ ಪ್ರಭಾವ ತೆಗೆದು ರಕ್ತ ಮತ್ತೆ ಹೆಪ್ಪುಗಟ್ಟುವಂತೆ ಮಾಡುವುದೂ ಪ್ರೋಟಮಿನ್.

ಈ ಪ್ರಶ್ನೆ ಹೇಳುವುದು, ಹೇಳದಿರುವುದು

1955ರ ಹೊತ್ತಿಗೆ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ನಿನ ಅಮೈನೋ ಆಮ್ಲಗಳ ಪೂರ್ತಿ ಸರಣಿಯನ್ನು ಬಿಡಿಸಿದ್ದ. ಆ ಬಳಿಕ ಪ್ರೋಟೀನ್‌ಗಳನ್ನು ಸರಣಿ ಮತ್ತು ಆಕಾರದ ಹೋಲಿಕೆಯಿಂದ ಕುಟುಂಬಗಳಾಗಿ ವಿಂಗಡಿಸುವ ಕಾಲ ಬಂತು. ಹಳೆಯ ಪಟ್ಟಿಯ ಬಿರುಕುಗಳೂ ಆಗ ಎದ್ದು ಕಂಡವು. ಪಠ್ಯಪುಸ್ತಕಗಳಲ್ಲಿ ಸರಳ ಪ್ರೋಟೀನ್‌ಗೆ ಮೊದಲ ಉದಾಹರಣೆಯಾಗಿ ಬರುವ ಮೊಟ್ಟೆಯ ಆಲ್ಬುಮಿನ್ನಿಗೆ ಸಕ್ಕರೆಯ ಕೊಂಡಿಯೂ ರಂಜಕವೂ ಅಂಟಿಕೊಂಡಿವೆ. ಬೇಳೆಯ ವಿಸಿಲಿನ್‌ಗಳಿಗೆ, ಪ್ರತಿಕಾಯಗಳಿಗೆ, ಕೊಲಾಜನ್ನಿಗೆ ಕೂಡ ಸಕ್ಕರೆ ಅಂಟಿರುತ್ತದೆ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಬೀಜಗಳಲ್ಲಿರುವ ನೀರಿಗೆ ಕರಗುವ 2ಎಸ್ ಆಲ್ಬುಮಿನ್‌ಗಳೂ ನೀರಿಗೆ ಕರಗದ ಅನೇಕ ಪ್ರೋಲಮಿನ್‌ಗಳೂ ಒಂದೇ ಪೂರ್ವಜನಿಂದ ಬಂದ ದಾಯಾದಿಗಳು. ಕರಗುವಿಕೆಯ ಪಟ್ಟಿಯಲ್ಲಿ ಅವು ದೂರದೂರ ಇದ್ದರೂ ಗಂಧಕದ ಬೆಸುಗೆ ಬೀಳುವ ಜಾಗಗಳ ವಿನ್ಯಾಸದಲ್ಲಿ ಒಂದೇ ಮನೆತನದವು.

ಹಾಗಾದರೆ ಹಳೆಯ ವರ್ಗೀಕರಣವನ್ನು ಕೈಬಿಡಬೇಕೆ? ಖಂಡಿತ ಬೇಡ. ಪ್ರೋಟೀನ್‌ಗಳ ರಕ್ತಸಂಬಂಧ ಅದಕ್ಕೆ ಗೊತ್ತಿಲ್ಲ ನಿಜ, ಆದರೆ ಒಂದು ಪ್ರೋಟೀನ್ ಎಲ್ಲಿ ನಿಂತು ಕೆಲಸ ಮಾಡಬಲ್ಲದು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ರಕ್ತದಲ್ಲಿ ಸಾಗಬೇಕಾದದ್ದು ಕರಗಲೇಬೇಕು. ಮೈಯನ್ನು ಹಿಡಿದು ನಿಲ್ಲಿಸಬೇಕಾದದ್ದು ಕರಗಲೇಬಾರದು. ಮೊಳಕೆ ಬರುವವರೆಗೆ ಕಾದು ಕೂರಬೇಕಾದದ್ದು ಒತ್ತೊತ್ತಾಗಿ ಅಡಕವಾಗಿರಬೇಕು. ಹೊಸ ತಳಿಯ ಕಾಳು ಪ್ರಯೋಗಾಲಯಕ್ಕೆ ಬಂದರೆ ಇಂದಿಗೂ ಅದನ್ನು ಒಸ್‌ಬೊರ್ನ್‌ನ ಕ್ರಮದಲ್ಲೇ ಸೋಸಿ ನೋಡುವುದುಂಟು.

ನಮ್ಮ ನಾಡಿನ ಮಟ್ಟಿಗೆ ಇದು ತೀರ ಹತ್ತಿರದ ವಿಷಯ. ದಾವಣಗೆರೆ, ಹಾವೇರಿಯ ಸೀಮೆಯಲ್ಲಿ ರಾಶಿ ರಾಶಿ ಬೆಳೆಯುವ ಮೆಕ್ಕೆಜೋಳ ಕೋಳಿಗಳ ಮೇವಾಗುವಾಗ ಅದಕ್ಕೆ ಸೋಯಾ ಹಿಂಡಿಯನ್ನೂ ಲೈಸಿನನ್ನೂ ಲೆಕ್ಕ ಹಾಕಿ ಬೆರೆಸುತ್ತಾರೆ. ಜೀನ್ ಒಂದೇ ಸಾಲದು ಎಂಬ ಅರಿವು ಕೋಳಿಯ ಮೇವಿಗೆ ತಲುಪಿದೆ. ಮಕ್ಕಳ ಊಟದ ಲೆಕ್ಕ ಹಾಕುವಾಗ ಮಾತ್ರ 'ಒಟ್ಟು ಇಷ್ಟು ಗ್ರಾಂ' ಎಂದು ಕೂಡಿಸಿ ಸುಮ್ಮನಾಗುವ ರೂಢಿ ಇನ್ನೂ ಹೋಗಿಲ್ಲ. ರಾಗಿ, ಜೋಳದ ಪ್ರೋಲಮಿನ್‌ಗಳಲ್ಲಿ ಲೈಸಿನ್ ಕಡಿಮೆ, ಬೇಳೆಯ ಗ್ಲಾಬ್ಯುಲಿನ್‌ಗಳಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಮುದ್ದೆಯ ಜೊತೆ ಅವರೆಕಾಳಿನ ಸಾರು, ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ ಇರುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇಳೆ ದುಬಾರಿಯಾಗಿ ಸಾರು ತೆಳ್ಳಗಾದರೆ ತಟ್ಟೆಯಲ್ಲಿ ಗ್ರಾಂ ಲೆಕ್ಕ ಸ್ವಲ್ಪವೇ ಇಳಿದೀತು, ಆದರೆ ಮಗುವಿನ ಬೆಳವಣಿಗೆಗೆ ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ಎಷ್ಟು ಪ್ರೋಟೀನ್ ಎಂದು ಕೇಳಿದ ಕೂಡಲೇ ಯಾವ ಪ್ರೋಟೀನ್ ಎಂದೂ ಕೇಳಬೇಕು. ಅಂಗನವಾಡಿಯ ಪಡಿಗೂ ಬಿಸಿಯೂಟಕ್ಕೂ ಕಾಳುಬೇಳೆ ನಿಗದಿ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.